ಉಪವಾಸವು ವ್ರತವೋ, ಚಿಕಿತ್ಸೆಯೋ?

ಉಪವಾಸವೆಂಬ ಪದವು ಈಚೆಗೆ ಎರಡು ಬಗೆಯ ಜನರ ಬಾಯಲ್ಲಿ ಕೇಳಿಬರುತ್ತಿದೆ. ಏಕಾದಶಿಯಂದು ನೀರನ್ನೂ ಮುಟ್ಟದೆ ಹರಿಸ್ಮರಣೆಯಲ್ಲಿ ದಿನ ಕಳೆಯುವ ಹಿರಿಯರು ಒಂದು ಕಡೆ. ಮೈತೂಕ ಇಳಿಯಲೆಂದೋ ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದೋ ದಿನಕ್ಕೆ 16 ಗಂಟೆ ಹೊಟ್ಟೆಗೆ ಬಿಡುವು ಕೊಡುವ ತರುಣರು ಇನ್ನೊಂದು ಕಡೆ. ಇಬ್ಬರೂ ಒಂದೇ ಮನೆಯಲ್ಲಿರುವುದು ಈಗ ಅಪರೂಪವಲ್ಲ. ತಾಯಿ ಏಕಾದಶಿಯೆಂದು ಊಟ ಬಿಟ್ಟಿರುತ್ತಾಳೆ, ಮಗ ಆರೋಗ್ಯಕ್ಕೆಂದು ರಾತ್ರಿಯ ಊಟ ಬಿಟ್ಟಿರುತ್ತಾನೆ. ಹೊರಗಿನಿಂದ ನೋಡಿದವರಿಗೆ ಎರಡು ತಟ್ಟೆಗಳೂ ಖಾಲಿಯೇ. ಆದರೆ ಎರಡು ಉಪವಾಸಗಳೂ ಒಂದೆಯೇ ಎಂಬುದು ವಿಚಾರಣೀಯ.

ಪ್ರವಚನ ಮುಗಿದು ತೀರ್ಥಪ್ರಸಾದವಾದ ಮೇಲೆ ಈ ವಿಷಯದಲ್ಲಿ ಎರಡು ಪ್ರಶ್ನೆಗಳು ಪದೇ ಪದೇ ಬರುತ್ತವೆ. ತರುಣರು ಕೇಳುವುದು, "ಏಕಾದಶಿ ಮಾಡಿದರೆ ಶರೀರಕ್ಕೆ ಏನು ಲಾಭ?" ಎಂದು. ವಯಸ್ಸಾದ ತಾಯಂದಿರು ತುಸು ತಗ್ಗಿದ ದನಿಯಲ್ಲಿ ಕೇಳುವುದು, "ರಾಯರೇ, ಸಕ್ಕರೆ ಗುಳಿಗೆ ನುಂಗಿದರೆ ಏಕಾದಶಿ ಕೆಡುತ್ತದೆಯೆ?" ಎಂದು. ಈ ಎರಡು ಪ್ರಶ್ನೆಗಳು ಮೇಲುನೋಟಕ್ಕೆ ಬೇರೆ ಬೇರೆ. ವಾಸ್ತವವಾಗಿ ಒಂದೇ ಗೊಂದಲದ ಎರಡು ಮುಖಗಳು. ಮೊದಲನೆಯವರು ಉಪವಾಸವೆಂದರೆ ದೇಹದ ವ್ಯವಹಾರವೆಂದಷ್ಟೇ ಭಾವಿಸಿದ್ದಾರೆ. ಎರಡನೆಯವರು ಉಪವಾಸದಲ್ಲಿ ದೇಹದ ಮಾತಿಗೆ ಎಡೆಯೇ ಇಲ್ಲವೆಂದು ಭಾವಿಸಿದ್ದಾರೆ. ಮೊದಲನೆಯದರಿಂದ ವ್ರತಕ್ಕೆ ಹಾನಿ, ಎರಡನೆಯದರಿಂದ ಪ್ರಾಣಕ್ಕೇ ಹಾನಿ. ಆದುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಉಚಿತ.

ನಮ್ಮ ಸಂಪ್ರದಾಯದ ಏಕಾದಶಿಯ ಸ್ವರೂಪವನ್ನು ಮೊದಲು ನೆನೆಯೋಣ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಉಪವಾಸವನ್ನು ಎಷ್ಟು ಒತ್ತಿ ಹೇಳಿದ್ದಾರೆಂಬುದು ವಾಚಕರಿಗೆ ವಿದಿತವೇ ಆಗಿದೆ. ದಶಮಿಯಂದು ಹಗಲು ಒಂದು ಊಟ, ಏಕಾದಶಿಯಂದು ಎರಡು ಹೊತ್ತೂ ನಿರಾಹಾರ, ದ್ವಾದಶಿಯಂದು ಬೆಳಗ್ಗೆ ಪಾರಣೆ, ರಾತ್ರಿ ಊಟವಿಲ್ಲ. ಹೀಗೆ ಮೂರು ದಿನಗಳ ಆರು ಊಟಗಳಲ್ಲಿ ನಾಲ್ಕನ್ನು ಬಿಡುವುದು ಶಾಸ್ತ್ರದ ಲೆಕ್ಕ. ದಶಮಿಯ ಮಧ್ಯಾಹ್ನ ಒಂದು ಗಂಟೆಗೆ ಊಟ ಮುಗಿಸಿದವನು ದ್ವಾದಶಿಯ ಬೆಳಗ್ಗೆ ಆರೂವರೆಗೆ ಪಾರಣೆ ಮಾಡಿದರೆ ನಡುವೆ 41 ಗಂಟೆಗಳಿಗೂ ಮಿಕ್ಕಿ ಕಾಲ ಕಳೆದಿರುತ್ತದೆ. ಇಂತಹ ಏಕಾದಶಿಗಳು ವರ್ಷಕ್ಕೆ 24, ಅಧಿಕಮಾಸ ಬಂದ ವರ್ಷ 26. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮೊದಲಿನ ಅರುಣೋದಯದಲ್ಲಿ ದಶಮಿಯ ಲೇಶವಿದ್ದರೂ ಆ ಏಕಾದಶಿ ವಿದ್ಧವೆನಿಸಿ ಮರುದಿನವೇ ಉಪವಾಸ. ಆದುದರಿಂದಲೇ ನೆರೆಮನೆಯ ಗೋಡೆಯ ಕಾಲನಿರ್ಣಯದಲ್ಲಿ ಕೆಲವು ತಿಂಗಳು ಸ್ಮಾರ್ತ ಏಕಾದಶಿ, ಭಾಗವತ ಏಕಾದಶಿ ಎಂದು ಎರಡು ದಿನಗಳು ಅಚ್ಚಾಗಿರುತ್ತವೆ.

ಇನ್ನು ವೈದ್ಯದೃಷ್ಟಿ. "ಲಂಘನಂ ಪರಮೌಷಧಂ" ಎಂಬ ನಾಣ್ಣುಡಿಯನ್ನು ನಮ್ಮಲ್ಲಿ ಕೇಳದವರಿಲ್ಲ. ಆದರೆ ಆಯುರ್ವೇದದಲ್ಲಿ ಲಂಘನವೆಂದರೆ ಕೇವಲ ಊಟ ಬಿಡುವುದಲ್ಲ. ಶರೀರಕ್ಕೆ ಲಾಘವವನ್ನು ತರುವುದೆಲ್ಲವೂ ಲಂಘನವೇ. ಚರಕಸಂಹಿತೆಯ ಸೂತ್ರಸ್ಥಾನದ 22ನೆಯ ಅಧ್ಯಾಯವು ಲಂಘನವನ್ನು ಹತ್ತು ಬಗೆಯಾಗಿ ಎಣಿಸುತ್ತದೆ. ನಾಲ್ಕು ಶೋಧನಕರ್ಮಗಳು, ಬಾಯಾರಿಕೆಯನ್ನು ತಡೆಯುವುದು, ಗಾಳಿ, ಬಿಸಿಲು, ಪಾಚನದ್ರವ್ಯಗಳು, ಉಪವಾಸ ಮತ್ತು ವ್ಯಾಯಾಮ. ಇವುಗಳಲ್ಲಿ ಉಪವಾಸವು ಒಂದು ಮಾತ್ರ. ಜ್ವರದ ಆರಂಭದಲ್ಲಿ ಲಂಘನ ಹಿತವೆಂದು ಹೇಳುವ ಅದೇ ಚರಕನು ಧಾತುಕ್ಷಯದಿಂದ, ಭಯದಿಂದ, ಶೋಕದಿಂದ, ಆಯಾಸದಿಂದ ಬಂದ ಜ್ವರದಲ್ಲಿ ಅದು ಬೇಡವೆನ್ನುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಬಲಕ್ಕೆ ವಿರೋಧವಾಗದಂತೆ ಲಂಘನ ಮಾಡಿಸಬೇಕು, ಏಕೆಂದರೆ ಆರೋಗ್ಯವು ನಿಂತಿರುವುದು ಬಲದ ಮೇಲೆ ಎಂದು ಎಚ್ಚರಿಸುತ್ತಾನೆ. ನಾಣ್ಣುಡಿಯನ್ನು ಉದ್ಧರಿಸುವವರು ಈ ಷರತ್ತನ್ನು ಬಿಟ್ಟುಬಿಡುತ್ತಾರೆ.

ನಮಗೆ ಸಮೀಪದಲ್ಲಿಯೇ ಇದರ ಆಧುನಿಕ ಕ್ಷೇತ್ರಗಳಿವೆ. 1945ರಲ್ಲಿ ಪುಣೆಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಿಸರ್ಗೋಪಚಾರದ ಟ್ರಸ್ಟ್ ಒಂದು ಸ್ಥಾಪಿತವಾಯಿತು. ಮರುವರ್ಷ, 1946ರಲ್ಲಿ, ಅವರು ಉರುಳಿಕಾಂಚನದಲ್ಲಿ ಹಳ್ಳಿಗರಿಗಾಗಿ ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿದರು. ಕಲ್ಯಾಣದಿಂದ ಕರ್ಜತ್, ಪುಣೆಯ ಮೇಲೆ ಹೋಗಿ ದೌಂಡ್ ಮಾರ್ಗದಲ್ಲಿ ಉರುಳಿ ನಿಲ್ದಾಣದಲ್ಲಿಳಿದರೆ ಅದು ಸಿಗುತ್ತದೆ. ಕರ್ನಾಟಕದಲ್ಲಿ ಧರ್ಮಸ್ಥಳದ ಶಾಂತಿವನವೂ 1989ರಲ್ಲಿ ಉಜಿರೆಯಲ್ಲಿ ಆರಂಭವಾದ ಪ್ರಕೃತಿಚಿಕಿತ್ಸಾ ಕಾಲೇಜೂ ಪ್ರಸಿದ್ಧ. ಇಂತಹ ಪದ್ಧತಿಯಲ್ಲಿ ಉಪವಾಸವೆಂದರೆ ಮೊದಲು ಪರೀಕ್ಷೆ, ಅನಂತರ ಹಣ್ಣಿನ ರಸ, ಎಳನೀರು, ಜೇನುನೀರುಗಳ ಕ್ರಮ, ವಿಶ್ರಾಂತಿ, ಕೊನೆಗೆ ಹಂತಹಂತವಾಗಿ ಆಹಾರ. ನೀರು ನಿಷೇಧವಲ್ಲ. ಅಲ್ಲಿ ಅದೇ ಪ್ರಧಾನ. ಇದು ನಮ್ಮ ನಿರ್ಜಲ ಏಕಾದಶಿಗಿಂತ ಸ್ಥೂಲವಾಗಿಯೂ ಬೇರೆಯೆಂಬುದನ್ನು ಗಮನಿಸಬೇಕು.

ಹಸಿದಾಗ ಶರೀರದಲ್ಲಿ ಏನು ನಡೆಯುತ್ತದೆ? ಯಕೃತ್ತಿನಲ್ಲಿ ಸುಮಾರು 100 ಗ್ರಾಮಿನಷ್ಟು ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಸಕ್ಕರೆ ಬೇಕು. ಆದುದರಿಂದ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯೊಳಗೆ ದಾಸ್ತಾನು ಬರಿದಾಗಿ, ಶರೀರವು ಕೊಬ್ಬನ್ನು ಕರಗಿಸಿ ಕೀಟೋನ್‌ಗಳನ್ನು ತಯಾರಿಸಿಕೊಳ್ಳತೊಡಗುತ್ತದೆ. ಇನ್ಸುಲಿನ್ ಇಳಿಯುತ್ತದೆ, ಜೀರ್ಣಾಂಗಗಳಿಗೆ ವಿರಾಮ ದೊರೆಯುತ್ತದೆ. ಆರೋಗ್ಯವಂತನಿಗೆ ಇದರಿಂದ ತೊಂದರೆಯಿಲ್ಲ, ಲಾಘವವೇ ಉಂಟು. ಆದರೆ ದ್ವಾದಶಿಯ ಬೆಳಗ್ಗೆ ತೂಕದ ಯಂತ್ರದ ಮೇಲೆ ನಿಂತು ಹಿಗ್ಗುವವರು ತಿಳಿದಿರಲಿ. ಪ್ರತಿ ಗ್ರಾಂ ಗ್ಲೈಕೊಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಇಳಿದಂತೆ ಕಂಡದ್ದರಲ್ಲಿ ಬಹುಪಾಲು ಈ ನೀರೇ. ಎರಡು ಊಟಗಳಾದರೆ ಅದು ಹಿಂದಿರುಗುತ್ತದೆ.

ಚಿಕಿತ್ಸೆಯಾಗಿ ಆಹಾರವನ್ನು ಕಡಿತಗೊಳಿಸುವುದರಿಂದ ಗುಣವಿದೆಯೆಂಬುದರಲ್ಲಿ ಸಂಶಯವಿಲ್ಲ. ಬ್ರಿಟನ್ನಿನಲ್ಲಿ 306 ಮಧುಮೇಹಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲರಿಯಷ್ಟು ಮಿತಾಹಾರದಲ್ಲಿದ್ದ ಗುಂಪಿನ 46 ಶೇಕಡಾ ಜನರಲ್ಲಿ ವರ್ಷದ ಕೊನೆಗೆ ಔಷಧವಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಹೀಗಾದವರು 4 ಶೇಕಡಾ ಮಾತ್ರ. ಆದರೆ ಅವರು ಕಾಯಿಲೆ ಬಂದು ಆರು ವರ್ಷ ಮೀರದವರು, ಇನ್ಸುಲಿನ್ ಚುಚ್ಚಿಕೊಳ್ಳದವರು. ಇನ್ನು ಗಂಟೆಗಳ ಲೆಕ್ಕದ ಉಪವಾಸದ ಮಾತು. ಚೀನದ ಗ್ವಾಂಗ್‌ಝೌ ನಗರದಲ್ಲಿ 139 ಸ್ಥೂಲಕಾಯರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಫಲವೆಂದರೆ, ಊಟದ ಪ್ರಮಾಣ ಸಮವಾಗಿ ತಗ್ಗಿದ್ದಲ್ಲಿ, ಅದನ್ನು ಎಂಟು ಗಂಟೆಯೊಳಗೆ ಮುಗಿಸಿದವರಿಗೂ ದಿನವಿಡೀ ಹಂಚಿಕೊಂಡು ಉಂಡವರಿಗೂ ಗಣನೀಯವಾದ ಅಂತರ ಕಾಣಲಿಲ್ಲ. ಮಿತಾಹಾರದ ಗುಣವು ಮಿತಾಹಾರದ್ದೇ, ಗಡಿಯಾರದ್ದಲ್ಲ.

ಈ ಸಂದರ್ಭದಲ್ಲಿ ನಮ್ಮವರ ಮೊಬೈಲುಗಳಲ್ಲಿ ಸಂಚರಿಸುವ ಒಂದು ಸಂದೇಶವನ್ನೂ ಪ್ರಸ್ತಾಪಿಸಬೇಕು. ಏಕಾದಶಿಯ ಮಹಿಮೆಯನ್ನು ಕಂಡುಹಿಡಿದುದಕ್ಕಾಗಿ ಜಪಾನಿನ ವಿಜ್ಞಾನಿಗೆ ನೊಬೆಲ್ ಬಹುಮಾನ ಬಂದಿತೆಂಬುದು ಅದರ ಸಾರಾಂಶ. 2016ರಲ್ಲಿ ಯೋಶಿನೋರಿ ಓಸುಮಿ ಎಂಬುವರಿಗೆ ಆ ಬಹುಮಾನ ಬಂದುದು ನಿಜ. ಜೀವಕೋಶವು ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ತಾನೇ ಕರಗಿಸಿ ಮರಳಿ ಬಳಸಿಕೊಳ್ಳುವ ಕ್ರಿಯೆಯ ಯಂತ್ರವನ್ನು ಅವರು ಬಿಡಿಸಿ ತೋರಿಸಿದರು. ಆ ಕ್ರಿಯೆ ಆಹಾರದ ಅಭಾವದಲ್ಲಿ ಚುರುಕಾಗುವುದೂ ನಿಜ. ಆದರೆ ಅವರು ಆ ಯಂತ್ರವನ್ನು ಕಂಡುಕೊಂಡದ್ದು ಹಿಟ್ಟನ್ನು ಹುದುಗಿಸುವ ಯೀಸ್ಟ್ ಕೋಶಗಳ ಮೇಲೆ ನಡೆಸಿದ ಪ್ರಯೋಗಗಳಿಂದ. ಏಕಾದಶಿಯ ಮಾತು ಅಲ್ಲೆಲ್ಲಿಯೂ ಇಲ್ಲ. ಶ್ರೀಹರಿಯ ವ್ರತಕ್ಕೆ ಸುಳ್ಳಿನ ಸಾಕ್ಷಿ ಬೇಕೆ? ಸತ್ಯವು ವ್ರತದ ಅಂಗವೆಂದು ಬಲ್ಲವರು ಇಂತಹುದನ್ನು ಮುಂದಕ್ಕೆ ಕಳುಹಿಸಬಾರದು.

ಪ್ರಕೃತ ಪ್ರಶ್ನೆಗೆ ಬರೋಣ. ಉಪವಾಸದಿಂದ ಶರೀರಕ್ಕೆ ಗುಣವುಂಟೆಂದ ಮೇಲೆ, ಶಾಸ್ತ್ರಕಾರರು ಆ ಗುಣಕ್ಕಾಗಿಯೇ ಏಕಾದಶಿಯನ್ನು ವಿಧಿಸಿದರೆಂದು ಹೇಳಬಹುದೆ? ಇಲ್ಲಿ ಮೀಮಾಂಸಕರ ಒಂದು ವಿಚಾರಸರಣಿ ನಮಗೆ ಸಹಾಯಕವಾಗುತ್ತದೆ. ಯಾಗದಲ್ಲಿ ಭತ್ತವನ್ನು ಒನಕೆಯಿಂದ ಕುಟ್ಟಬೇಕೆಂಬ ವಿಧಿಯಿದೆ. ಕುಟ್ಟುವುದರ ಕಣ್ಣಿಗೆ ಕಾಣುವ ಫಲ ಹೊಟ್ಟು ಹೋಗುವುದು. ಆದರೆ ಹೊಟ್ಟನ್ನು ಉಗುರಿನಿಂದ ಸುಲಿದೂ ತೆಗೆಯಬಹುದಲ್ಲ? ಹಾಗಿರುವಾಗ ಕುಟ್ಟಿಯೇ ತೆಗೆಯಬೇಕೆಂಬ ನಿಯಮಕ್ಕೆ ಏನು ಪ್ರಯೋಜನ? ಹೊಟ್ಟು ಹೋಗುವುದು ದೃಷ್ಟಫಲ, ನಿಯಮವನ್ನು ಪಾಲಿಸಿದ್ದರಿಂದ ಹುಟ್ಟುವುದು ಅದೃಷ್ಟಫಲ ಎಂದು ಅವರು ವಿಂಗಡಿಸುತ್ತಾರೆ. ಎರಡೂ ಇವೆ, ಎರಡೂ ಬೇರೆ.

ಏಕಾದಶಿಗೆ ಈ ನ್ಯಾಯವನ್ನು ಅನ್ವಯಿಸಿ ನೋಡಿ. ಹೊಟ್ಟೆಗೆ ವಿರಾಮವೇ ಉದ್ದೇಶವಾಗಿದ್ದರೆ ರಜೆಯಿರುವ ಭಾನುವಾರವೇ ಅನುಕೂಲ. ಲೋಕಲ್ ಗಾಡಿಯ ನೂಕುನುಗ್ಗಲಿಲ್ಲ, ಕಚೇರಿಯ ಕೆಲಸವಿಲ್ಲ. ಹೊಟ್ಟೆಗೆ ದಶಮೀವೇಧ ಗೊತ್ತಿಲ್ಲ. ಅರುಣೋದಯದಲ್ಲಿ ಯಾವ ತಿಥಿಯಿತ್ತೆಂದು ಯಕೃತ್ತು ಕೇಳುವುದಿಲ್ಲ. ಹೀಗಿದ್ದೂ ಇಂತಹದೇ ದಿನ, ಇಂತಹದೇ ಘಳಿಗೆಯೆಂದು ಶಾಸ್ತ್ರವು ನಿಯಮಿಸಿದೆಯೆಂದರೆ, ಅದರ ದೃಷ್ಟಿ ಹೊಟ್ಟೆಯ ಮೇಲಿರಲಿಲ್ಲವೆಂದೇ ಅರ್ಥ. ನನಗೆ ಅನುಕೂಲವಾದ ದಿನವನ್ನಲ್ಲ, ಹರಿಯ ದಿನವನ್ನು ನಾನು ಒಪ್ಪಿಕೊಳ್ಳುತ್ತೇನೆ ಎಂಬುದೇ ಅಲ್ಲಿಯ ಸಾರ. ಏಕಾದಶಿಯು ಕಾಮ್ಯಕರ್ಮವಲ್ಲ, ನಿತ್ಯಕರ್ಮ. ಫಲ ಬೇಕಾದವನು ಮಾಡತಕ್ಕದ್ದಲ್ಲ, ಅಧಿಕಾರಿಯಾದವನೆಲ್ಲ ಮಾಡತಕ್ಕದ್ದು. ಉಪವಾಸವೆಂಬ ಪದದ ಅವಯವಾರ್ಥವೂ ಸಮೀಪದಲ್ಲಿ ವಾಸಮಾಡುವುದೆಂದೇ ಇದೆ. ಪಾಪಗಳಿಂದ ಹಿಂದಿರುಗಿ ಸದ್ಗುಣಗಳೊಡನೆ ನೆಲೆಸುವುದೇ ಉಪವಾಸ, ಕೇವಲ ಶರೀರಶೋಷಣೆಯಲ್ಲ ಎಂದು ಪ್ರಾಚೀನರು ವಿವರಿಸಿದ್ದಾರೆ.

ಆರೋಗ್ಯದ ಆಸೆ ತೋರಿಸಿಯಾದರೂ ಮಕ್ಕಳನ್ನು ಏಕಾದಶಿಗೆ ಎಳೆಯಬಹುದಲ್ಲ, ತಪ್ಪೇನು ಎಂದು ಕೆಲವರು ಕೇಳಬಹುದು. ಮಹಾನಗರದಲ್ಲಿ ಬೆಳೆಯುವ ಮಕ್ಕಳ ವಿಷಯದಲ್ಲಿ ಈ ಮಾತಿಗೆ ಬಲವೂ ಇದೆ. ಆದರೆ ಅಪಾಯವನ್ನೂ ನೋಡಬೇಕು. ಔಷಧವೆಂದು ಹಿಡಿದದ್ದನ್ನು ಇನ್ನೂ ಒಳ್ಳೆಯ ಔಷಧ ದೊರೆತ ದಿನ ಬಿಡುತ್ತಾರೆ. ಗ್ವಾಂಗ್‌ಝೌವಿನ ಪ್ರಯೋಗವನ್ನು ಓದಿದ ಮಗ, "ಹಾಗಾದರೆ ಏಕಾದಶಿಯಿಂದ ವಿಶೇಷವೇನೂ ಇಲ್ಲವಲ್ಲ ಅಪ್ಪ" ಎಂದರೆ ನಾವು ಏನು ಉತ್ತರ ಕೊಡಬಲ್ಲೆವು? ಲಾಭದ ತಕ್ಕಡಿಯಲ್ಲಿ ನಾವೇ ವ್ರತವನ್ನು ಇಟ್ಟೆವು, ಅದೇ ತಕ್ಕಡಿ ಅದನ್ನು ಕೆಳಗಿಳಿಸಿತು. ಅದಕ್ಕಿಂತ, "ಶರೀರಕ್ಕೆ ಗುಣವಾದರೆ ಸಂತೋಷ. ಆದರೆ ನಾವು ಮಾಡುವುದು ಅದಕ್ಕಲ್ಲ" ಎಂದು ಮೊದಲ ದಿನವೇ ಹೇಳುವುದು ಪ್ರಾಮಾಣಿಕ. ಹದಿನೈದು ದಿನಕ್ಕೊಮ್ಮೆ ತನ್ನ ಹಸಿವಿಗೆ ತಾನೇ ಒಡೆಯನಾಗಿ ನಿಲ್ಲುವುದು ಯಾವ ತೂಕದ ಯಂತ್ರಕ್ಕೂ ಕಾಣದ ಲಾಭ.

ಕ್ರಿಯೆ ಒಂದೇ ಆದರೂ ಸಂಕಲ್ಪದಿಂದ ಅದು ಬೇರೆಯಾಗುವುದಕ್ಕೆ ನಮ್ಮ ಪ್ರಾಂತದಲ್ಲಿಯೇ ದೃಷ್ಟಾಂತವಿದೆ. 1932ರಲ್ಲಿ ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ಉಪವಾಸ ಕುಳಿತರು. 1943ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದಾಗ 21 ದಿನ ಉಪವಾಸ ಮಾಡಿದರು. ಅದೇ ಗಾಂಧೀಜಿ ಉರುಳಿಕಾಂಚನದಲ್ಲಿ ಮುಂದಿಟ್ಟದ್ದು ನಿಸರ್ಗೋಪಚಾರವನ್ನು. ಮೊದಲನೆಯದರಲ್ಲಿ ದೇಹವನ್ನು ಪಣಕ್ಕಿಟ್ಟರು, ಎರಡನೆಯದರಲ್ಲಿ ದೇಹವನ್ನು ಉಳಿಸಲೆತ್ನಿಸಿದರು. ಇನ್ನು ಬಡತನದಿಂದ ಒಲೆ ಹೊತ್ತದ ಮನೆಯ ಹಸಿವು ಇವೆರಡೂ ಅಲ್ಲ. ಅಲ್ಲಿ ಸಂಕಲ್ಪವೇ ಇಲ್ಲ. ಅದನ್ನು ಉಪವಾಸವೆಂದು ಕರೆಯುವುದೇ ಅನ್ಯಾಯ.

ಇಷ್ಟು ತರುಣರ ಪ್ರಶ್ನೆಗೆ. ಈಗ ತಾಯಂದಿರ ಪ್ರಶ್ನೆ. ಇದು ಹೆಚ್ಚು ಗಂಭೀರವಾದದ್ದು, ಏಕೆಂದರೆ ಇಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ. ಇನ್ಸುಲಿನ್ ಚುಚ್ಚಿಕೊಂಡೋ, ಗ್ಲಿಮೆಪಿರೈಡ್‌ನಂತಹ ಗುಳಿಗೆ ನುಂಗಿಯೋ ಏನನ್ನೂ ತಿನ್ನದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಮಾತಿನ ತಡವರಿಕೆ, ಅನಂತರ ಎಚ್ಚರ ತಪ್ಪುವುದು. ರಾತ್ರಿ ನಿದ್ರೆಯಲ್ಲಿಯೇ ಹೀಗಾದರೆ ಮನೆಯವರಿಗೆ ತಿಳಿಯುವುದೇ ಬೆಳಗಿನ ಜಾವಕ್ಕೆ. ಅದಕ್ಕೆ ಹೆದರಿ ಔಷಧವನ್ನೇ ನಿಲ್ಲಿಸಿದರೆ ಸಕ್ಕರೆ ಏರಿ ಬೇರೆ ಅನಾಹುತ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂತಹ ಹೊಸ ಗುಳಿಗೆಗಳು ಮೂತ್ರದ ಮೂಲಕ ಸಕ್ಕರೆಯನ್ನೂ ನೀರನ್ನೂ ಹೊರಹಾಕುವಂತಹವು. ಅವನ್ನು ತೆಗೆದುಕೊಳ್ಳುವವರು ನಿರ್ಜಲರಾದರೆ ಶರೀರ ಒಣಗಿ, ರಕ್ತ ಆಮ್ಲವಾಗುವ ಭಯವಿದೆ. ಮೂತ್ರಪಿಂಡದ ತೊಂದರೆಯುಳ್ಳವರು, ಕಲ್ಲು ಕಟ್ಟುವ ಪ್ರಕೃತಿಯವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಬಾಣಂತಿಯರು, ಇವರಿಗೂ ನಿರ್ಜಲವು ಸಲ್ಲದು.

ಮಧುಮೇಹಕ್ಕೆ ಉಪವಾಸವೇ ಮದ್ದೆಂದು ಗುಳಿಗೆ ಬಿಡುವವರು ಚರಿತ್ರೆಯ ಒಂದು ಪುಟವನ್ನು ನೆನೆಯಬೇಕು. ಇನ್ಸುಲಿನ್ ಇಲ್ಲದ ಕಾಲದಲ್ಲಿ ನ್ಯೂಯಾರ್ಕಿನ ಫ್ರೆಡರಿಕ್ ಅಲೆನ್ ಎಂಬ ವೈದ್ಯರು ಮಧುಮೇಹಿಗಳಿಗೆ ಉಪವಾಸವನ್ನೇ ಚಿಕಿತ್ಸೆಯಾಗಿ ವಿಧಿಸುತ್ತಿದ್ದರು. ಆಗ ಬೇರೆ ದಾರಿಯಿರಲಿಲ್ಲ. ಅದರಿಂದ ಕೆಲವರ ಆಯುಸ್ಸು ಬೆಳೆಯಿತು. ಅನೇಕರು ಎಲುಬಿನ ಹಂದರವಾಗಿ ಹಸಿವಿನಿಂದಲೇ ಸವೆದರು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತು, 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಕೊಟ್ಟ ಮೇಲೆ ಆ ಚಿಕಿತ್ಸೆಯ ಅಗತ್ಯವೇ ಕೊನೆಗೊಂಡಿತು. ದೇವರು ಯಾರ ಮೂಲಕವೋ ದಯಪಾಲಿಸಿದ ಔಷಧವನ್ನು ದೇವರ ಹೆಸರಿನಲ್ಲಿಯೇ ತಿರಸ್ಕರಿಸುವುದು ಭಕ್ತಿಯೆ?

ಶಾಸ್ತ್ರವೇನು ಹೇಳುತ್ತದೆ? ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ನೀತಿ ಹೇಳುವಾಗ, ವ್ರತವನ್ನು ಕೆಡಿಸದ ಎಂಟನ್ನು ಎಣಿಸುತ್ತಾನೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ಸಮರ್ಥನಾದವನು ಏಕಾದಶಿಯಲ್ಲಿ ಇದನ್ನು ನೆಪಮಾಡಿಕೊಂಡು ಹಣ್ಣುಹಾಲಿಗೆ ಕೈಚಾಚಬಾರದೆಂಬುದು ನಮ್ಮ ಹಿರಿಯರ ನಿಲುವು, ಅದು ಸರಿಯೇ. ಆದರೆ ಅಸಮರ್ಥನಿಗೂ ಬಾಗಿಲು ಮುಚ್ಚಿದೆಯೆಂದು ಅದರ ಅರ್ಥವಲ್ಲ. ನಾರದೀಯಪುರಾಣದ ರುಕ್ಮಾಂಗದನನ್ನು ನೋಡಿ. ಏಕಾದಶಿಯ ವಿಷಯದಲ್ಲಿ ಅವನಿಗಿಂತ ನಿಷ್ಠುರನಾದ ಅರಸು ಇನ್ನಿಲ್ಲ. ಅವನೂ ಡಂಗುರ ಹೊಡೆಸಿದಾಗ ಎಂಟು ವರ್ಷದ ಮೇಲಿನ, ಎಂಬತ್ತು ತುಂಬದವರಿಗೆ ಮಾತ್ರ ಕಡ್ಡಾಯ ಮಾಡಿದನು. ಎಳೆಯ ದೇಹಕ್ಕೂ ಮುಪ್ಪಿನ ದೇಹಕ್ಕೂ ರಿಯಾಯಿತಿ ಇರಿಸಿದ್ದು ಅಶಕ್ತಿಯನ್ನು ಮನಗಂಡೇ ಅಲ್ಲವೆ? ಅರವತ್ತರಲ್ಲಿಯೇ ರೋಗದಿಂದ ಎಂಬತ್ತರ ಅಶಕ್ತಿ ಬಂದವರು ಈ ನ್ಯಾಯದ ಹೊರಗಿನವರೆ?

ಭಾಗವತದ ಒಂಬತ್ತನೆಯ ಸ್ಕಂಧದ ಅಂಬರೀಷೋಪಾಖ್ಯಾನವು ಇನ್ನೂ ಸೂಕ್ಷ್ಮ. ಅತಿಥಿಯಾಗಿ ಬಂದ ದುರ್ವಾಸರು ಯಮುನೆಗೆ ಸ್ನಾನಕ್ಕೆ ಹೋದವರು ಹಿಂದಿರುಗಲಿಲ್ಲ. ದ್ವಾದಶಿ ಮುಗಿಯಲು ಅರ್ಧ ಮುಹೂರ್ತ ಮಾತ್ರ ಉಳಿದಿತ್ತು. ಅತಿಥಿಗಿಂತ ಮೊದಲು ಉಂಡರೆ ಅಪಚಾರ, ದ್ವಾದಶಿ ಕಳೆದರೆ ವ್ರತಭಂಗ. ಅಂಬರೀಷನು ತಾನೇ ನಿರ್ಧರಿಸದೆ, ಹಟವನ್ನೂ ಹಿಡಿಯದೆ, ಬಲ್ಲವರನ್ನು ಕೇಳಿದನು. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂದು ಅವರು ದಾರಿ ತೋರಿದರು. ಅವನು ನೀರನ್ನು ಮಾತ್ರ ಸ್ವೀಕರಿಸಿದನು. ಮುನಿಗಳು ಕೋಪಗೊಂಡರೂ ಭಗವಂತನ ಚಕ್ರವು ನಿಂತದ್ದು ಅಂಬರೀಷನ ಪಕ್ಷದಲ್ಲಿ. ಎರಡು ಧರ್ಮಗಳು ಎದುರುಬದುರಾದಾಗ ಬಲ್ಲವರನ್ನು ಕೇಳಿ ನಡೆಯುವುದು ವ್ರತಲೋಪವಲ್ಲ, ಅದೂ ವ್ರತದ ಅಂಗವೇ ಎಂಬುದು ಈ ಕಥೆಯಿಂದ ನಾವು ಕಲಿಯಬೇಕಾದ ಪಾಠ. ವಿದುರನ ಪಟ್ಟಿಯಲ್ಲಿ ಗುರುವಿನ ಮಾತು ಮತ್ತು ಔಷಧ ಅಕ್ಕಪಕ್ಕದಲ್ಲಿಯೇ ಇವೆ. ಇಂದಿನ ನಮ್ಮ ಬಾಳಿನಲ್ಲಿ ಅವು ಮಠದ ಆಚಾರ್ಯರು ಮತ್ತು ಮನೆಯ ವೈದ್ಯರು. ಇಬ್ಬರನ್ನೂ ಕೇಳಿ ನಿರ್ಧರಿಸಿದ ಮೇಲೆ ಮನಸ್ಸಿನಲ್ಲಿ ಅಳುಕನ್ನು ಇಟ್ಟುಕೊಳ್ಳಬೇಕಾಗಿಲ್ಲ.

ಇದಕ್ಕೊಂದು ಆಕ್ಷೇಪವಿದೆ. ವಿನಾಯಿತಿಯ ಮಾತು ಎತ್ತಿದರೆ ಗಟ್ಟಿಮುಟ್ಟಾದವರೂ ಅದರ ಹಿಂದೆ ಅಡಗುತ್ತಾರೆ ಎಂದು. ನಿಜ, ಅಡಗುತ್ತಾರೆ. ಆದರೆ ಸೋಮಾರಿಯನ್ನು ಹಿಡಿಯಲೆಂದು ರೋಗಿಯನ್ನು ಬಲಿಗೊಡುವುದು ನ್ಯಾಯವಲ್ಲ. ಗೀತೆಯ 17ನೆಯ ಅಧ್ಯಾಯದಲ್ಲಿ ಶಾಸ್ತ್ರವಿಹಿತವಲ್ಲದ ಘೋರತಪಸ್ಸಿನಿಂದ ದೇಹವನ್ನೂ ಒಳಗಿರುವ ತನ್ನನ್ನೂ ಹಿಂಸಿಸುವವರನ್ನು ಭಗವಂತನು ಖಂಡಿಸಿದ್ದಾನೆ. 6ನೆಯ ಅಧ್ಯಾಯದಲ್ಲಿ ಯೋಗವು ಅತಿಯಾಗಿ ಉಣ್ಣುವವನಿಗೂ ಇಲ್ಲ, ಸ್ವಲ್ಪವೂ ಉಣ್ಣದವನಿಗೂ ಇಲ್ಲವೆಂದಿದ್ದಾನೆ. ಸೋಮಾರಿಯ ಲೆಕ್ಕವನ್ನು ಅಂತರ್ಯಾಮಿಯೇ ನೋಡಿಕೊಳ್ಳುತ್ತಾನೆ. ಅದಕ್ಕೆ ನೆರೆಮನೆಯವರ ಪಹರೆ ಬೇಡ.

ವೈದ್ಯರ ಅನುಮತಿಯಿಂದ ಏಕಾದಶಿ ಮಾಡುವ ಮಧುಮೇಹಿಗಳಿಗೆ ಕೆಲವು ಸೂಚನೆಗಳು. ಔಷಧದ ಪ್ರಮಾಣವನ್ನೂ ಸಮಯವನ್ನೂ ದಶಮಿಗೆ ಮೊದಲೇ ವೈದ್ಯರೊಡನೆ ನಿಶ್ಚಯಿಸಿಕೊಳ್ಳಬೇಕು. ತಾವಾಗಿ ಬದಲಿಸಬಾರದು. ಅಂದು ಮನೆಯ ಯಂತ್ರದಲ್ಲಿ ಹಲವು ಬಾರಿ ಸಕ್ಕರೆ ಪರೀಕ್ಷಿಸಬೇಕು. ಸೂಜಿ ಚುಚ್ಚಿದ್ದರಿಂದ ವ್ರತ ಕೆಡುವುದಿಲ್ಲ. ರಂಜಾನ್ ಉಪವಾಸ ಮಾಡುವ ಮಧುಮೇಹಿ ಮುಸಲ್ಮಾನರಿಗಾಗಿ ವೈದ್ಯರು ರೂಪಿಸಿರುವ ಕ್ರಮದಲ್ಲಿ 70ಕ್ಕಿಂತ ಇಳಿದರೂ 300ನ್ನು ಮೀರಿದರೂ ಉಪವಾಸವನ್ನು ಕೂಡಲೇ ಮುರಿಯಬೇಕೆಂದಿದೆ. ಅದು ನಮಗೂ ಸಲ್ಲುವ ಎಚ್ಚರ. ಸಕ್ಕರೆ ಇಳಿದಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಆ ಕ್ಷಣ ಪಂಚಾಂಗ ನೋಡುವ ಕಾಲವಲ್ಲ. ಮುಖ್ಯವಾಗಿ, ಮನೆಯವರಿಗೆ ತಿಳಿಸದೆ ಉಪವಾಸ ಮಾಡಬಾರದು. ಮಗನಿಗೆ ಗೊತ್ತಾದರೆ ಬೇಡವೆನ್ನುತ್ತಾನೆಂದು ಮುಚ್ಚಿಟ್ಟು ಮಾಡಿದ ವ್ರತದಲ್ಲಿ ಅಸತ್ಯವೂ ಸೇರಿಕೊಳ್ಳುತ್ತದೆ.

ರೈಲ್ವೆಯಲ್ಲಿ ಜೀವಮಾನ ಕಳೆದವನಾಗಿ ಇನ್ನೊಂದು ಮಾತು ಹೇಳುವುದು ನನ್ನ ಕರ್ತವ್ಯ. ಗಾಡಿ ನಡೆಸುವವರನ್ನು ರೈಲ್ವೆಯು ಏ-ಒನ್ ಎಂಬ ಅತಿ ಕಠಿಣ ವೈದ್ಯಕೀಯ ದರ್ಜೆಯಲ್ಲಿ ಇರಿಸಿ ಕಾಲಕಾಲಕ್ಕೆ ಪರೀಕ್ಷಿಸುತ್ತದೆ. ಕಾರಣ, ಅವನ ಕಣ್ಣು, ಅವನ ಎಚ್ಚರ ಅವನೊಬ್ಬನವಲ್ಲ, ಹಿಂದೆ ನಿಂತಿರುವ ಸಾವಿರಾರು ಜನರವು. ಮೋಟರ್‌ಮನ್, ಸಿಗ್ನಲ್ ಸಿಬ್ಬಂದಿ, ಬಸ್ಸಿನ ಚಾಲಕ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯ, ರಾತ್ರಿಪಾಳಿಯ ದಾದಿ, ಕಾರ್ಖಾನೆಯ ಯಂತ್ರದ ಮುಂದೆ ನಿಲ್ಲುವವನು, ಇವರಲ್ಲಿ ನಮ್ಮವರೂ ಇದ್ದಾರೆ. ತಲೆ ಸುತ್ತುವ ಸ್ಥಿತಿಯಲ್ಲಿ ಕೆಲಸಕ್ಕೆ ಕುಳಿತು ಅನ್ಯರ ಪ್ರಾಣವನ್ನು ಪಣಕ್ಕಿಡುವ ಅಧಿಕಾರ ಯಾವ ವ್ರತದಿಂದಲೂ ಬರುವುದಿಲ್ಲ. ರಜೆ ಪಡೆಯಬಹುದು, ಪಾಳಿ ಬದಲಿಸಿಕೊಳ್ಳಬಹುದು. ಎರಡೂ ಸಾಧ್ಯವಾಗದಿದ್ದರೆ ಆಚಾರ್ಯರನ್ನು ಕೇಳಿ ಅನುಕಲ್ಪವನ್ನು ಅನುಸರಿಸಬಹುದು. ಸಾಮಾನ್ಯ ಪ್ರಯಾಣಿಕರೂ ವಿವೇಕವನ್ನು ಬಿಡಬಾರದು. ವೈಶಾಖದ ಬೆವರಿನಲ್ಲಿ ಡೊಂಬಿವಲಿಯಿಂದ ಮುಂಬಯಿಗೆ ಒಂದು ಗಂಟೆಗೂ ಮಿಕ್ಕಿ ನಿಂತು ಹೋಗುವ ನಿರ್ಜಲ ಉಪವಾಸಿಯು ಬಾಗಿಲಲ್ಲಿ ಜೋತಾಡಬಾರದು. ಉಪನಗರದ ಗಾಡಿಗಳಲ್ಲಿ ಶೌಚಾಲಯವಿಲ್ಲದ್ದರಿಂದ ಅನೇಕ ಹೆಣ್ಣುಮಕ್ಕಳು ಉಳಿದ ದಿನಗಳಲ್ಲಿಯೂ ನೀರು ಕುಡಿಯುವುದನ್ನು ತಗ್ಗಿಸಿರುತ್ತಾರೆ. ಅವರು ದಶಮಿಯಂದಾದರೂ ಸಾಕಷ್ಟು ನೀರು ಕುಡಿದಿರುವುದು ಅವಶ್ಯ.

ಪಾರಣೆಯ ವಿಷಯದಲ್ಲಿ ಶಾಸ್ತ್ರವೂ ವೈದ್ಯವೂ ಕೈಜೋಡಿಸುತ್ತವೆ. ಉಪವಾಸವನ್ನು ಮುಗಿಸುವುದು ಆರಂಭಿಸುವುದರಷ್ಟೇ ನಿಯಮಬದ್ಧ. ದೀರ್ಘಕಾಲ, ಐದಾರು ದಿನಗಳಿಗೂ ಮಿಕ್ಕಿ ಹಸಿದವನಿಗೆ ಒಮ್ಮೆಲೇ ಭಾರೀ ಊಟವಿಕ್ಕಿದರೆ ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡರು. ಒಂದು ದಿನದ ಏಕಾದಶಿಗೆ ಅಷ್ಟು ಭಯವಿಲ್ಲ. ಆದರೂ ತೀರ್ಥ, ನೆಲ್ಲಿಕಾಯಿ, ಹೆಸರುಬೇಳೆಯ ತೊವ್ವೆ, ಮೆತ್ತನೆಯ ಅನ್ನ, ಇಂತಹ ಲಘುವಾದ ಪಾರಣೆಯೇ ಸರಿ. ಕರಿದ ತಿಂಡಿಗಳ ಸಮಾರಾಧನೆಯಲ್ಲ. ಇತ್ತ ಏಕಾದಶಿಯಂದೇ ಫಲಾಹಾರವೆಂದು ಸಾಬೂದ್ದಾಣೆ ಖಿಚಡಿ, ಆಲೂಗಡ್ಡೆ, ಶೇಂಗಾ, ಉಪವಾಸದ ಚಿವಡಾಗಳಿಂದ ತಟ್ಟೆ ತುಂಬುವುದನ್ನು ನಮ್ಮ ಮರಾಠಿ ನೆರೆಯವರೇ "ಏಕಾದಶೀ, ದುಪ್ಪಟ್ ಖಾಶೀ" ಎಂದು ಹಾಸ್ಯ ಮಾಡುತ್ತಾರೆ. ಸಾಬೂದ್ದಾಣೆಯ ಮರಗೆಣಸೂ ಆಲೂಗಡ್ಡೆಯೂ ದಕ್ಷಿಣ ಅಮೆರಿಕದ ಮೂಲದವು, ಪುರಾಣಕಾಲದ ಋಷಿಗಳು ಕಂಡವಲ್ಲ. ಸಾಬೂದ್ದಾಣೆಯು ಬಹುತೇಕ ಬರಿಯ ಪಿಷ್ಟ. ಮಧುಮೇಹಿಯ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ವ್ರತವೂ ಆಗದ, ಚಿಕಿತ್ಸೆಯೂ ಆಗದ ಉಪವಾಸಕ್ಕೆ ಇದೇ ಉದಾಹರಣೆ.

ಕೊನೆಯದಾಗಿ ಗೃಹಸ್ಥರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನನ್ನ ಉಪವಾಸದ ಬೆಲೆಯನ್ನು ತೆರುವವರು ಯಾರು? ದ್ವಾದಶಿಯಂದು ಯಜಮಾನನು ಗಾಡಿ ಹಿಡಿಯುವ ಮೊದಲು ಪಾರಣೆಯಾಗಬೇಕೆಂದು, ತಾನೂ ಉಪವಾಸವಿದ್ದ ಗೃಹಿಣಿಯು ನಾಲ್ಕು ಗಂಟೆಗೇ ಎದ್ದು ಒಲೆ ಹೊತ್ತಿಸುತ್ತಾಳೆ. ಅನಂತರ ಅವಳೂ ಕಚೇರಿಗೆ ಓಡಬೇಕು. ಹಸಿವಿನ ಸಿಡುಕು ಮಕ್ಕಳ ಮೇಲೆ ಬೀಳುತ್ತದೆ. ಉಪವಾಸವೆಂದರೆ ದೋಷಗಳಿಂದ ಹಿಂದಿರುಗುವುದೆಂದು ಹೇಳಿದೆವಷ್ಟೆ. ವಿಷಯಗಳು ನಿರಾಹಾರಿಯಿಂದ ದೂರ ಸರಿದರೂ ಅವುಗಳ ರುಚಿ ಒಳಗೆ ಉಳಿದೇ ಇರುತ್ತದೆಂದು ಗೀತೆಯ ಎರಡನೆಯ ಅಧ್ಯಾಯವೇ ಎಚ್ಚರಿಸಿದೆ. ಅಂದು ಕೋಪವನ್ನು ತಡೆದವನು, ಹೆಂಡತಿಯ ಜೊತೆಗೆ ಎದ್ದು ತರಕಾರಿ ಹೆಚ್ಚಿಕೊಟ್ಟವನು, ಬರಿಯ ಊಟ ಬಿಟ್ಟವನಿಗಿಂತ ಹರಿಗೆ ಹತ್ತಿರದಲ್ಲಿ ವಾಸಮಾಡಿದ್ದಾನೆ.

ಆದುದರಿಂದ ನಿಷ್ಕರ್ಷೆ ಇಷ್ಟು. ಚಿಕಿತ್ಸೆಯ ಉಪವಾಸವನ್ನು ಚಿಕಿತ್ಸೆಯ ನಿಯಮದಿಂದಲೇ ಮಾಡಬೇಕು. ಅಲ್ಲಿ ವೈದ್ಯನೇ ಪ್ರಮಾಣ, ಗುಣವಾಯಿತೇ ಎಂಬುದೇ ಅಳತೆ. ವ್ರತದ ಉಪವಾಸವನ್ನು ವ್ರತದ ನಿಯಮದಿಂದಲೇ ಮಾಡಬೇಕು. ಅಲ್ಲಿ ಶಾಸ್ತ್ರವೇ ಪ್ರಮಾಣ, ಸಂಕಲ್ಪವೇ ಅಳತೆ. ಆರೋಗ್ಯವಂತರು ಲಾಭವನ್ನು ಲೆಕ್ಕಿಸದೆ ಏಕಾದಶಿಯನ್ನು ಪಾಲಿಸಲಿ, ಆರೋಗ್ಯವು ಒದಗಿದರೆ ಪ್ರಸಾದವೆಂದು ಸ್ವೀಕರಿಸಲಿ. ಗುಳಿಗೆ ನುಂಗಲೇಬೇಕಾದ ತಾಯಂದಿರು ಅಂದು ಬೇಕಾದಷ್ಟು ಅನ್ನೇತರ ಆಹಾರವನ್ನೂ ನೀರನ್ನೂ ಔಷಧವನ್ನೂ ದೇವರನ್ನು ನೆನೆದು ಸ್ವೀಕರಿಸಿ, ಉಳಿದ ಹೊತ್ತನ್ನು ಜಪ, ಪಾರಾಯಣ, ಹರಿಕಥಾಶ್ರವಣಗಳಲ್ಲಿ ಕಳೆಯಲಿ. ಊಟವನ್ನು ಬಿಡಲು ಶಕ್ತಿ ಕೊಡದ ಭಗವಂತನು ತನ್ನನ್ನು ನೆನೆಯುವ ಶಕ್ತಿಯನ್ನು ಅವರಿಂದ ಕಿತ್ತುಕೊಂಡಿಲ್ಲ. ಮನೆಯ ಮಕ್ಕಳು ಆ ತಾಯಿಗೆ, "ಅಮ್ಮಾ, ಗುಳಿಗೆ ತೊಗೋ, ನಿನ್ನ ಏಕಾದಶಿ ಕೆಡಲಿಲ್ಲ" ಎಂದು ಧೈರ್ಯ ಹೇಳಿ, ಸಾಧ್ಯವಾದರೆ ಅವಳು ಬಿಡಲಾರದ ಊಟವನ್ನು ತಾವು ಬಿಟ್ಟು ಅವಳ ಬಳಿ ಕುಳಿತುಕೊಳ್ಳಲಿ.

ಶ್ರೀಕೃಷ್ಣಾರ್ಪಣಮಸ್ತು.